ಬಾಲಚುಕ್ಕಿ ಬಂತು ಅಂದರು, ಕಂಡದ್ದು ಯಾರಿಗೆ?

2025ರ ದೀಪಾವಳಿ ಹೊತ್ತಿಗೆ ಮೊಬೈಲ್ ತೆರೆದವರಿಗೆಲ್ಲ ಒಂದೇ ಸುದ್ದಿ: ಧೂಮಕೇತು ಬಂದಿದೆ, ಬರಿಗಣ್ಣಿಗೇ ಕಾಣುತ್ತದೆ. ಜೊತೆಗೊಂದು ಚಿತ್ರ, ಹಸಿರು ತಲೆ, ಉದ್ದನೆಯ ಬಾಲ. ಅದನ್ನು ನಂಬಿ ವಿಜಯಪುರದಲ್ಲಿ ಮಾಳಿಗೆ ಹತ್ತಿದವರಿಗೆ ಸಿಕ್ಕಿದ್ದು ಪಟಾಕಿಯ ಹೊಗೆ, ಹೈಮಾಸ್ಟ್ ದೀಪದ ಬೆಳಕು ಮತ್ತು "ಎಲ್ಲೈತ್ರಿ ಅದು?" ಅನ್ನುವ ಪ್ರಶ್ನೆ. ಡಿಸೆಂಬರ್‌ನಲ್ಲಿ ಇನ್ನೊಂದು ಸುದ್ದಿ ಬಂತು: ಸೌರಮಂಡಲದ ಆಚೆಯಿಂದ ಬಂದ ಅಟ್ಲಾಸ್ ಭೂಮಿಗೆ ಹತ್ತಿರವಾಗಿದೆ. ಅದೂ ಕಾಣಲಿಲ್ಲ. ಈಗ ಮೂರನೆಯ ಸುತ್ತು. 2026ರ ಏಪ್ರಿಲ್‌ನಲ್ಲಿ ವರ್ಷದ ಅತಿ ಪ್ರಕಾಶಮಾನ ಧೂಮಕೇತು ಬರಲಿದೆಯಂತೆ.

ಹಾಗಾದರೆ ಸುದ್ದಿಯೇ ಸುಳ್ಳೇ? ಸುಳ್ಳಲ್ಲ. ತೊಡಕಿರುವುದು "ಕಾಣುತ್ತದೆ" ಎಂಬ ಒಂದೇ ಪದದಲ್ಲಿ. ಬರಿಗಣ್ಣಿಗೆ ಕಾಣುವುದು, ದುರ್ಬೀನಿಗೆ (ಬೈನಾಕ್ಯುಲರ್‌ಗೆ) ಕಾಣುವುದು, ದೊಡ್ಡ ದೂರದರ್ಶಕಕ್ಕೆ ಕಾಣುವುದು, ಕ್ಯಾಮೆರಾಕ್ಕೆ ಕಾಣುವುದು ನಾಲ್ಕೂ ಬೇರೆ ಬೇರೆ. ಸುದ್ದಿ ಬರೆಯುವವರು ಈ ನಾಲ್ಕನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ. ಓದುವವರು ಮಾತ್ರ ಅದನ್ನು ಬರಿಗಣ್ಣು ಎಂದೇ ತಿಳಿಯುತ್ತಾರೆ.

ಒಂದೇ ವಾರ, ಮೂರು ಧೂಮಕೇತು

ಅಕ್ಟೋಬರ್‌ನ ಗೊಂದಲಕ್ಕೆ ಮೊದಲ ಕಾರಣ, ಆಗ ಸುದ್ದಿಯಲ್ಲಿದ್ದದ್ದು ಒಂದಲ್ಲ, ಮೂರು ಧೂಮಕೇತುಗಳು. ಸ್ವಾನ್ ಎಂಬುದು ಅಕ್ಟೋಬರ್ 20ರಂದು ಭೂಮಿಗೆ ಸುಮಾರು 3.9 ಕೋಟಿ ಕಿಲೋಮೀಟರ್ ಹತ್ತಿರ ಬಂತು. ಮರುದಿನ ಲೆಮ್ಮನ್ ಎಂಬುದು ಸುಮಾರು 8.9 ಕೋಟಿ ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು. ಹೆಚ್ಚು ಹೆಸರು ಮಾಡಿದ್ದು ಮೂರನೆಯದು, ಸೌರಮಂಡಲದ ಆಚೆಯಿಂದ ಬಂದ 3ಐ/ಅಟ್ಲಾಸ್. ಅದು ಅದೇ ದಿನಗಳಲ್ಲಿ ನಮ್ಮ ಪಾಲಿಗೆ ಸೂರ್ಯನ ಹಿಂದೆ ಸರಿದಿತ್ತು. ಭೂಮಿಯ ಮೇಲೆ ಎಲ್ಲಿ ನಿಂತರೂ ಅದು ಕಾಣುವ ಮಾತೇ ಇರಲಿಲ್ಲ.

ಈ ಮೂರರಲ್ಲಿ ಬರಿಗಣ್ಣಿನ ಅಂಚಿಗೆ ಬಂದದ್ದು ಲೆಮ್ಮನ್ ಒಂದೇ. ಸ್ವಾನ್‌ಗೆ ದುರ್ಬೀನು ಬೇಕಿತ್ತು. 3ಐ/ಅಟ್ಲಾಸ್ ನವೆಂಬರ್‌ನಲ್ಲಿ ಬೆಳಗಿನ ಜಾವದ ಆಕಾಶಕ್ಕೆ ಮರಳಿದ ಮೇಲೂ ಆರೆಂಟು ಇಂಚಿನ ದೂರದರ್ಶಕ ಇಲ್ಲದವರಿಗೆ ಸಿಗುವಂಥದ್ದಾಗಿರಲಿಲ್ಲ. ಡಿಸೆಂಬರ್ 19ರಂದು ಅದು "ಹತ್ತಿರ" ಬಂತು ಎಂದರಲ್ಲ, ಆ ಹತ್ತಿರ ಎಂದರೆ 27 ಕೋಟಿ ಕಿಲೋಮೀಟರ್. ಸೂರ್ಯ ನಮ್ಮಿಂದ ಇರುವುದೇ 15 ಕೋಟಿ ಕಿಲೋಮೀಟರ್ ದೂರದಲ್ಲಿ.

ಆದರೂ ಜನ ಹುಡುಕಿದ್ದು ಅಟ್ಲಾಸನ್ನು, ನೋಡಿದ್ದು ಲೆಮ್ಮನ್ ಚಿತ್ರವನ್ನು.

ಅಟ್ಲಾಸ್ ಒಂದೇ ಅಲ್ಲ

ಹೆಸರಿಡುವ ಪದ್ಧತಿಯೂ ಈ ಗೊಂದಲಕ್ಕೆ ನೀರೆರೆಯುತ್ತದೆ. ಧೂಮಕೇತುವಿಗೆ ಅದನ್ನು ಮೊದಲು ಕಂಡವರ ಹೆಸರು ಸೇರುತ್ತದೆ. ಭಾರತೀಯರ ಹೆಸರು ಹೊತ್ತ ಏಕೈಕ ಧೂಮಕೇತು 1949ರ ಬಪ್ಪು-ಬೋಕ್-ನ್ಯೂಕರ್ಕ್. ಆ ಬಪ್ಪು ಮುಂದೆ ಕಾವಲೂರಿನಲ್ಲಿ ವೀಕ್ಷಣಾಲಯ ಕಟ್ಟಿದ ವೇಣು ಬಪ್ಪು. ಈಗ ಧೂಮಕೇತುಗಳನ್ನು ಹೆಚ್ಚಾಗಿ ಹಿಡಿಯುವುದು ಯಂತ್ರಗಳು, ಹಾಗಾಗಿ ಹೆಸರೂ ಯಂತ್ರಗಳದ್ದೇ. ಅಟ್ಲಾಸ್ ಎಂಬುದು ಭೂಮಿಗೆ ಬಡಿಯಬಹುದಾದ ಕ್ಷುದ್ರಗ್ರಹಗಳನ್ನು ಮೊದಲೇ ಪತ್ತೆಹಚ್ಚಲು ಹವಾಯಿ ವಿಶ್ವವಿದ್ಯಾಲಯ ನಡೆಸುವ ದೂರದರ್ಶಕಗಳ ಜಾಲ. ಅದು ಕಂಡ ಧೂಮಕೇತುಗಳಿಗೆಲ್ಲ ಅಟ್ಲಾಸ್ ಎಂದೇ ಹೆಸರು. 2020ರಲ್ಲಿ ಒಡೆದು ಚೂರಾದದ್ದು ಒಂದು ಅಟ್ಲಾಸ್. 2024ರ ಅಕ್ಟೋಬರ್‌ನಲ್ಲಿ ಚೆನ್ನಾಗಿ ಕಂಡದ್ದು ತ್ಸುಚಿನ್‌ಶಾನ್-ಅಟ್ಲಾಸ್. 2025ರ ಜನವರಿಯಲ್ಲಿ ದಕ್ಷಿಣಾರ್ಧ ಗೋಳದವರನ್ನು ಬೆರಗುಗೊಳಿಸಿದ್ದು ಮತ್ತೊಂದು.

ಇದರ ಪರಿಣಾಮ ನವೆಂಬರ್‌ನಲ್ಲಿ ಕಂಡಿತು. ಸಿ/2025 ಕೆ1 ಎಂಬ ಬೇರೆಯೇ ಅಟ್ಲಾಸ್ ಒಡೆದು ತುಂಡಾಯಿತು. ಅದರ ಚಿತ್ರ "ಅನ್ಯಲೋಕದ ಅಟ್ಲಾಸ್ ಸ್ಫೋಟಗೊಂಡಿತು" ಎಂಬ ತಲೆಬರಹದಡಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು.

ಹಿಂದಿನ ಅಕ್ಷರ, ಅಂಕಿಗಳನ್ನು ಓದಿಕೊಂಡರೆ ಈ ಗೊಂದಲ ಇರುವುದಿಲ್ಲ. ಲೆಮ್ಮನ್‌ನ ಪೂರ್ಣ ಹೆಸರು ಸಿ/2025 ಎ6. ವರ್ಷವನ್ನು ಹದಿನೈದು ದಿನಗಳ ಲೆಕ್ಕದಲ್ಲಿ ಭಾಗ ಮಾಡಿ ಒಂದೊಂದಕ್ಕೆ ಒಂದೊಂದು ಅಕ್ಷರ ಕೊಡುತ್ತಾರೆ. ಜನವರಿಯ ಮೊದಲ ಪಕ್ಷಕ್ಕೆ ಎ. ಆ ಪಕ್ಷದಲ್ಲಿ ಸಿಕ್ಕ ಆರನೆಯದು ಎಂಬುದಕ್ಕೆ 6. ಮುಂದಿನ ಸಲ ಧೂಮಕೇತುವಿನ ಸುದ್ದಿಯಲ್ಲಿ ಈ ಗುರುತೇ ಇಲ್ಲದಿದ್ದರೆ ಅದನ್ನು ಬರೆದವರಿಗೂ ಯಾವುದೆಂದು ಖಚಿತವಿಲ್ಲ ಎಂದು ತಿಳಿಯಲು ಅಡ್ಡಿಯಿಲ್ಲ. (ಪಂಚಾಂಗದ ಕೇತುವಿಗೂ ಇದಕ್ಕೂ ನಂಟಿಲ್ಲ. ಅದು ಚಂದ್ರನ ದಾರಿ ಸೂರ್ಯನ ದಾರಿಯನ್ನು ಕತ್ತರಿಸುವ ಒಂದು ಬಿಂದು, ಅಷ್ಟೆ.)

ಹಿಟ್ಟು ಅಷ್ಟೇ, ಅಂಗಳ ದೊಡ್ಡದು

ಸುದ್ದಿಯಲ್ಲಿ "ಕಾಂತಿಮಾನ 4" ಎಂದಿರುತ್ತದೆ. ಅದು ಬೆಳಕಿನ ಅಳತೆ, ಅಂಕಿ ಕಡಿಮೆಯಾದಷ್ಟೂ ಬೆಳಕು ಹೆಚ್ಚು. ಒಂದು ಅಂಕಿಯ ಅಂತರ ಎಂದರೆ ಸುಮಾರು ಎರಡೂವರೆ ಪಟ್ಟು, ಐದು ಅಂಕಿಯ ಅಂತರ ಎಂದರೆ ನೂರು ಪಟ್ಟು. ಕಡುಗತ್ತಲಿನಲ್ಲಿ ಒಳ್ಳೆಯ ಕಣ್ಣಿಗೆ 6ರವರೆಗಿನ ನಕ್ಷತ್ರ ಕಾಣುತ್ತದೆ. ಹಾಗಾದರೆ 4ರ ಧೂಮಕೇತು ಸುಲಭವಾಗಿ ಕಾಣಬೇಕಲ್ಲ?

ಇಲ್ಲಿಯೇ ಲೆಕ್ಕ ತಪ್ಪುವುದು. ನಕ್ಷತ್ರದ ಬೆಳಕೆಲ್ಲ ಒಂದು ಚುಕ್ಕಿಯಲ್ಲಿ ಇರುತ್ತದೆ. ಧೂಮಕೇತುವಿನ ಬೆಳಕು ಹರಡಿಕೊಂಡಿರುತ್ತದೆ. ಪರಾತದಲ್ಲಿ ಗುಪ್ಪೆ ಹಾಕಿದ ಒಂದು ಬೊಗಸೆ ಜೋಳದ ಹಿಟ್ಟು ದೂರದಿಂದಲೂ ಬೆಳ್ಳಗೆ ಕಾಣುತ್ತದೆ. ಅದನ್ನೇ ಅಂಗಳದ ತುಂಬ ತೂರಿದರೆ ಬಗ್ಗಿ ನೋಡಿದರೂ ಗುರುತು ಸಿಗದು. ಹಿಟ್ಟು ಅಷ್ಟೇ ಇದೆ. ಕಾಂತಿಮಾನ ಹೇಳುವುದು ಹಿಟ್ಟಿನ ತೂಕವನ್ನು, ಅಂಗಳದ ಅಳತೆಯನ್ನಲ್ಲ.

ಅನುಭವಿ ವೀಕ್ಷಕರು ಆ ಸಂಖ್ಯೆಯನ್ನು ಪಡೆಯುವ ರೀತಿ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ದುರ್ಬೀನಿನಲ್ಲಿ ಧೂಮಕೇತುವಿನ ಮಸುಕು ಉಂಡೆ ಎಷ್ಟಗಲ, ಎಷ್ಟು ಬೆಳ್ಳಗೆ ಎಂದು ಮೊದಲು ನೆನಪಿಟ್ಟುಕೊಳ್ಳುತ್ತಾರೆ. ಆಮೇಲೆ ಕಾಂತಿಮಾನ ಗೊತ್ತಿರುವ ಒಂದು ನಕ್ಷತ್ರಕ್ಕೆ ಹೊರಳಿ, ಫೋಕಸ್ ಗಾಲಿಯನ್ನು ತಿರುಗಿಸುತ್ತ ಅದನ್ನು ಬೇಕೆಂದೇ ಕೆಡಿಸುತ್ತಾರೆ. ಚುಕ್ಕಿ ಊದಿಕೊಂಡು ಧೂಮಕೇತುವಿನಷ್ಟೇ ಅಗಲವಾದಾಗ ಎರಡೂ ಒಂದೇ ಮಸುಕಿನಲ್ಲಿವೆಯೇ ಎಂದು ಹೋಲಿಸುತ್ತಾರೆ. ಅಂದರೆ ಕಾಂತಿಮಾನ 4ರ ಧೂಮಕೇತು ಎಂದರೆ ಫೋಕಸ್ ಕೆಡಿಸಿದ 4ರ ನಕ್ಷತ್ರ.

ನಿಮ್ಮ ಊರಿನ ಆಕಾಶ ಹೇಗಿದೆ ಎಂದು ಮೊದಲೇ ಪರೀಕ್ಷಿಸಲು ಒಂದು ದಾರಿಯಿದೆ. ದೇವಯಾನಿ ಗ್ಯಾಲಕ್ಸಿಯ ಕಾಂತಿಮಾನ 3.4. ಅದೂ ಹರಡಿಕೊಂಡ ಬೆಳಕೇ. ನವೆಂಬರ್‌ನ ಅಮಾವಾಸ್ಯೆ ಆಸುಪಾಸಿನಲ್ಲಿ ರಾತ್ರಿ ಎಂಟರ ಮೇಲೆ ಅದು ನಮ್ಮ ನೆತ್ತಿಯ ಉತ್ತರಕ್ಕೆ ಸಾಕಷ್ಟು ಎತ್ತರದಲ್ಲಿರುತ್ತದೆ. ನಿಮ್ಮ ಮಾಳಿಗೆಯಿಂದ ಬರಿಗಣ್ಣಿಗೆ ಅದು ಕಾಣದಿದ್ದರೆ 4ರ ಧೂಮಕೇತುವೂ ಅಲ್ಲಿಂದ ಕಾಣುವುದಿಲ್ಲ. ಊರೊಳಗಿನ ಹೆಚ್ಚಿನ ಮಾಳಿಗೆಗಳಿಂದ ಅದು ಕಾಣುವುದಿಲ್ಲ.

ದಿಗಂತದ ತೆರಿಗೆ

ಲೆಮ್ಮನ್ ವಿಷಯದಲ್ಲಿ ನಮ್ಮ ಭಾಗಕ್ಕೆ ಇನ್ನೊಂದು ಅನನುಕೂಲ ಇತ್ತು. ಸೂರ್ಯ ಮುಳುಗಿದ ಮೇಲೆ ಅದು ಪಡುವಣಕ್ಕೆ, ತುಸು ವಾಯವ್ಯದ ಕಡೆ, ಸ್ವಾತಿ ನಕ್ಷತ್ರದ ಸೀಮೆಯಲ್ಲಿ ಇತ್ತು. ವಿಜಯಪುರ 17 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ ಇದೆ. ಇಲ್ಲಿ ಚುಕ್ಕಿಗಳು ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತವೆ, ಗಂಟೆಗೆ ಸುಮಾರು 15 ಡಿಗ್ರಿ. ಕೈ ನೀಡಿ ಹಿಡಿದ ಮುಷ್ಟಿ ಅಂದಾಜು 10 ಡಿಗ್ರಿ. ಕತ್ತಲಾಗುವುದನ್ನು ಕಾಯುತ್ತ ಕೂತರೆ ಅಷ್ಟರಲ್ಲಿ ಧೂಮಕೇತು ಒಂದೂವರೆ ಮುಷ್ಟಿ ಕೆಳಗೆ ಜಾರಿರುತ್ತದೆ. ಯುರೋಪಿನವರಿಗೆ ಅದೇ ಧೂಮಕೇತು ಎತ್ತರದಲ್ಲಿತ್ತು, ಓರೆಯಾಗಿ ನಿಧಾನಕ್ಕೆ ಇಳಿಯುತ್ತಿತ್ತು. ಸುದ್ದಿಯ ಮೂಲ ಬರಹಗಳು ಬಂದದ್ದು ಅಲ್ಲಿಂದ, ಅಮೆರಿಕದಿಂದ. ಅಲ್ಲಿಯವರ "ಸುಲಭವಾಗಿ ಕಾಣುತ್ತದೆ" ಎಂಬುದನ್ನು ಇಲ್ಲಿಗೆ ಹಾಗೆಯೇ ತಂದರು. ನಮಗಿರುವ ಒಂದೇ ಸಮಾಧಾನ, ಇಲ್ಲಿ ಮುಸ್ಸಂಜೆ ಬೇಗ ಮುಗಿದು ಬೇಗ ಕತ್ತಲಾಗುತ್ತದೆ. ಆದರೂ ನಿಜವಾಗಿ ಉಪಯೋಗಕ್ಕೆ ಬರುತ್ತಿದ್ದ ಹೊತ್ತು ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚಿರಲಿಲ್ಲ.

ದಿಗಂತದ ಹತ್ತಿರ ಇನ್ನೊಂದು ನಷ್ಟವಿದೆ. ನೆತ್ತಿಯ ಮೇಲಿನ ಚುಕ್ಕಿಯ ಬೆಳಕು ದಾಟುವ ಗಾಳಿಗಿಂತ ಐದಾರು ಪಟ್ಟು ಹೆಚ್ಚು ಗಾಳಿಯನ್ನು 10 ಡಿಗ್ರಿ ಎತ್ತರದ ಚುಕ್ಕಿಯ ಬೆಳಕು ದಾಟಬೇಕು. ಸಾಧಾರಣ ಶುಭ್ರ ಆಕಾಶದಲ್ಲೂ ಇದರಿಂದ ಒಂದು ಅಂಕಿಯ ಮೇಲೆ ನಷ್ಟ. 4 ಇದ್ದದ್ದು 5 ದಾಟಿತು. ಅದಕ್ಕೆ ದೀಪಾವಳಿಯ ಹೊಗೆ ಸೇರಿಸಿ, ಮುಧೋಳ, ಜಮಖಂಡಿ ಕಡೆಯಾದರೆ ಹಂಗಾಮು ಶುರುವಾದಾಗ ಸುಡುವ ಕಬ್ಬಿನ ರವದಿಯ ಹೊಗೆ ಸೇರಿಸಿ, ಹಿಂಗಾರಿನ ಮೋಡ ಸೇರಿಸಿ. ಕಾಣದೆ ಹೋದದ್ದು ವಿಶೇಷವಲ್ಲ, ಕಂಡಿದ್ದರೆ ವಿಶೇಷ.

ನಿಲ್ಲುವ ಜಾಗವೂ ಲೆಕ್ಕಕ್ಕೆ ಬರುತ್ತದೆ. ಬೆಳಗಾವಿಯಿಂದ ಖಾನಾಪುರದ ಕಡೆ ಕತ್ತಲು ಚೆನ್ನಾಗಿದೆ, ಆದರೆ ಪಡುವಣಕ್ಕೆ ಘಟ್ಟ, ಕಾಡು, ಮಂಜು. ಬಾದಾಮಿಯಲ್ಲಿ ಕೆಂಪು ಬಂಡೆಗಳು ದಿಗಂತವನ್ನೇ ನುಂಗುತ್ತವೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ಮೂರು ಜಿಲ್ಲೆಗಳಲ್ಲಿ ಧೂಮಕೇತುವಿಗೆ ಹೇಳಿ ಮಾಡಿಸಿದ್ದು ವಿಜಯಪುರದ ಬಯಲು ಎರೆ ಭೂಮಿ. ಗುಡ್ಡವಿಲ್ಲ, ಮರ ವಿರಳ, ನೆಲಕ್ಕೆ ತಾಗುವವರೆಗೂ ಆಕಾಶ. ಸಂಜೆಯ ಧೂಮಕೇತುವಾದರೆ ಅಥಣಿ ರಸ್ತೆ ಹಿಡಿದು ತಿಕೋಟಾ ಕಡೆ ಹೋಗಬೇಕು. ಆಗ ಊರಿನ ಬೆಳಕು ಬೆನ್ನ ಹಿಂದೆ ಉಳಿಯುತ್ತದೆ. ಬೆಳಗಿನ ಜಾವದ್ದಾದರೆ ಸಿಂದಗಿ ರಸ್ತೆಯ ಕಡೆ. ಕತ್ತಲು ಬೇಕೆಂದು ಊರಿನ ತಪ್ಪು ಮಗ್ಗುಲಿಗೆ ಹೋದರೆ ಊರಿನ ಬೆಳಕಿನ ಗುಮ್ಮಟದ ಮೂಲಕವೇ ನೋಡಬೇಕಾಗುತ್ತದೆ.

ಫೋಟೊ ಮೋಸವೇ?

ಹಸಿರು ತಲೆಯ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಕೂಡಿಸಿದ್ದು ಎಂದು ದೂರುವವರಿದ್ದಾರೆ. ಕೃತಕ ಬುದ್ಧಿಮತ್ತೆಯಿಂದ ಹುಟ್ಟಿಸಿದ ಚಿತ್ರಗಳೂ ಓಡಾಡುತ್ತಿವೆ, ನಿಜ. ಆದರೆ ಹಸಿರು ನಿಜವಾದ ಬಣ್ಣ. ಧೂಮಕೇತುವಿನ ಸುತ್ತಲ ಅನಿಲದಲ್ಲಿ ಎರಡು ಕಾರ್ಬನ್ ಪರಮಾಣುಗಳ ಅಣುಗಳಿರುತ್ತವೆ. ಬಿಸಿಲು ತಾಗಿದಾಗ ಅವು ಹಸಿರು ಬೆಳಕನ್ನು ಸೂಸುತ್ತವೆ. ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಮಂದ ಬೆಳಕಿನಲ್ಲಿ ಕೆಲಸ ಮಾಡುವುದಿಲ್ಲ, ಹಾಗಾಗಿ ಅದು ಬೂದು ಬಣ್ಣವಾಗಿಯೇ ತೋರುತ್ತದೆ. ಕ್ಯಾಮೆರಾ ಹತ್ತು ಸೆಕೆಂಡು, ಒಂದು ನಿಮಿಷ ಬಾಯಿ ತೆರೆದುಕೊಂಡು ಬೆಳಕು ಕೂಡಿಡುತ್ತದೆ. ಕಣ್ಣಿಗೆ ಹಾಗೆ ಕೂಡಿಡುವ ಗಡಿಗೆ ಇಲ್ಲ.

ಬಾಲವೂ ಹೀಗೆಯೇ. ಧೂಮಕೇತುವಿಗೆ ಸಾಮಾನ್ಯವಾಗಿ ಎರಡು ಬಾಲ. ದೂಳಿನ ಬಾಲ ತುಸು ಹಳದಿ, ಬಾಗಿರುತ್ತದೆ. ವಿದ್ಯುದಾವೇಶದ ಅನಿಲದ ಬಾಲ ನೀಲಿ, ಸೂರ್ಯನಿಗೆ ನೇರ ವಿರುದ್ಧ ದಿಕ್ಕಿಗೆ ಚಾಚಿರುತ್ತದೆ. ಚಿತ್ರಗಳಲ್ಲಿ ಮೆರೆಯುವ ಆ ನೀಲಿ ಬಾಲ ಕಣ್ಣಿಗೆ ಬಹುತೇಕ ಸಿಗುವುದಿಲ್ಲ.

ಏನು ಕೊಳ್ಳಬೇಕು, ಏನು ಬೇಡ

ಧೂಮಕೇತುವಿಗೆ ಮೊದಲ ಉಪಕರಣ ದುರ್ಬೀನು, ದೂರದರ್ಶಕವಲ್ಲ. ಇದರಲ್ಲಿ ತಿಳಿದವರ ನಡುವೆ ಹೆಚ್ಚು ಭಿನ್ನಾಭಿಪ್ರಾಯವೂ ಇಲ್ಲ. 10×50 ಎಂದರೆ ಹತ್ತು ಪಟ್ಟು ಹಿಗ್ಗಿಸುವ, 50 ಮಿಲಿಮೀಟರ್ ಅಗಲದ ಗಾಜು. ಕತ್ತಲಿಗೆ ಒಗ್ಗಿದ ಕಣ್ಣಿನ ಪಾಪೆ ಹೆಚ್ಚೆಂದರೆ 7 ಮಿಲಿಮೀಟರ್, ಅದಕ್ಕಿಂತ ಐವತ್ತು ಪಟ್ಟು ಬೆಳಕನ್ನು ಈ ಗಾಜು ಹೀರುತ್ತದೆ. ಒಂದೇ ನೋಟಕ್ಕೆ ಆರೇಳು ಡಿಗ್ರಿ ಆಕಾಶ ಸಿಗುವುದರಿಂದ ಹುಡುಕುವುದೂ ಸುಲಭ.

ಆಟಿಕೆಯಂಥ ದೂರದರ್ಶಕದ ಡಬ್ಬಿಯ ಮೇಲೆ "600 ಪಟ್ಟು" ಎಂದು ಬರೆದಿರುತ್ತದೆ. ಧೂಮಕೇತುವಿಗೆ ಅದು ವಿಷ. ಹಿಗ್ಗಿಸಿದಷ್ಟೂ ಹಿಟ್ಟನ್ನು ಇನ್ನೂ ದೊಡ್ಡ ಅಂಗಳಕ್ಕೆ ತೂರಿದಂತೆ. ದೂರದರ್ಶಕವೇ ಬೇಕೆಂದರೆ ಆರು ಇಲ್ಲವೇ ಎಂಟು ಇಂಚಿನ ಕನ್ನಡಿಯದು, ಕಡಿಮೆ ಹಿಗ್ಗಿಸುವ ಕಣ್ಣುಗಾಜಿನೊಂದಿಗೆ.

ಬಳಸುವ ರೀತಿ ಉಪಕರಣದಷ್ಟೇ ಮುಖ್ಯ. ಕಣ್ಣು ಕತ್ತಲಿಗೆ ಒಗ್ಗಲು 20ರಿಂದ 30 ನಿಮಿಷ ಬೇಕು, ನಡುವೆ ಒಮ್ಮೆ ಮೊಬೈಲ್ ಪರದೆ ನೋಡಿದರೆ ಮತ್ತೆ ಮೊದಲಿನಿಂದ. ಬದುವಿಗೋ ಗಾಡಿಯ ಬಾನೆಟ್ಟಿಗೋ ಮೊಣಕೈ ಊರಿ ಒಂದು ನಕ್ಷತ್ರ ಸೂಜಿಮೊನೆಯಾಗುವವರೆಗೆ ಫೋಕಸ್ ಮಾಡಬೇಕು. ಮಸುಕು ಕಂಡ ಜಾಗವನ್ನು ದಿಟ್ಟಿಸದೆ ತುಸು ಪಕ್ಕಕ್ಕೆ ನೋಡಿದರೆ ಅದು ಎದ್ದು ಕಾಣುತ್ತದೆ. ಮಂದ ಬೆಳಕನ್ನು ಹಿಡಿಯುವ ಕೋಶಗಳು ಇರುವುದು ಕಣ್ಣಪರದೆಯ ನಟ್ಟನಡುವೆ ಅಲ್ಲ, ಸುತ್ತಲೂ. ಫೋಟೊಗಾದರೆ ಟ್ರೈಪಾಡ್, 50 ಮಿಲಿಮೀಟರ್ ಲೆನ್ಸ್, ಹತ್ತು ಸೆಕೆಂಡು ಸಾಕು, ಅದಕ್ಕಿಂತ ಹೆಚ್ಚಾದರೆ ನಕ್ಷತ್ರಗಳು ಗೆರೆಯಾಗುತ್ತವೆ.

ಈಗ ಸ್ಮಾರ್ಟ್ ದೂರದರ್ಶಕಗಳು ಬಂದಿವೆ. ತಾನೇ ಹುಡುಕಿ, ತಾನೇ ಚಿತ್ರ ಕೂಡಿಸಿ ಮೊಬೈಲಿಗೆ ಕಳಿಸುತ್ತವೆ. ಇದು ವೀಕ್ಷಣೆಯೇ ಅಲ್ಲ ಎನ್ನುವವರು ಒಂದು ಕಡೆ. ಊರ ಬೆಳಕಿನಲ್ಲೂ ಹತ್ತು ಮಂದಿಗೆ ತೋರಿಸಲು ಬೇರೆ ದಾರಿ ಇಲ್ಲ ಎನ್ನುವವರು ಇನ್ನೊಂದು ಕಡೆ. ಶಾಲೆಯ ಮಕ್ಕಳನ್ನು ಸೇರಿಸಿ ತೋರಿಸುವವರಿಗೆ ಎರಡನೆಯ ವಾದವೇ ಸರಿ ಅನ್ನಿಸುತ್ತದೆ. ಪರದೆಯಲ್ಲಿ ತೋರಿಸಿದ ಮೇಲೆ ದುರ್ಬೀನನ್ನೂ ಕೈಗೆ ಕೊಡಬೇಕು, ಅಷ್ಟೆ.

ದಾರಿ ಗೊತ್ತು, ಬೆಳಕು ಗೊತ್ತಿಲ್ಲ

ಏಪ್ರಿಲ್‌ಗೆ ಬರಲಿರುವುದು ಸಿ/2025 ಆರ್3, ಪ್ಯಾನ್‌ಸ್ಟಾರ್ಸ್. 19-20ರ ಸುಮಾರಿಗೆ ಅದು ಸೂರ್ಯನಿಂದ ಸುಮಾರು 7.5 ಕೋಟಿ ಕಿಲೋಮೀಟರ್ ದೂರದಲ್ಲಿ ಹಾದುಹೋಗುತ್ತದೆ. ದಿನ, ದಾರಿ ಎಲ್ಲ ನಿಖರ. ಬೆಳಕಿನ ಅಂದಾಜು ಮಾತ್ರ ಒಬ್ಬರ ಲೆಕ್ಕದಲ್ಲಿ 8, ಇನ್ನೊಬ್ಬರ ಲೆಕ್ಕದಲ್ಲಿ 3ರ ಹತ್ತಿರ. ಐದು ಅಂಕಿ ಎಂದರೆ ನೂರು ಪಟ್ಟು ವ್ಯತ್ಯಾಸ.

ದಾರಿಯನ್ನು ನಿರ್ಧರಿಸುವುದು ಗುರುತ್ವ, ಅದು ಲೆಕ್ಕಕ್ಕೆ ಸಿಗುತ್ತದೆ. ಬೆಳಕನ್ನು ನಿರ್ಧರಿಸುವುದು ಕೆಲವೇ ಕಿಲೋಮೀಟರ್ ಅಗಲದ ಹಿಮ-ದೂಳಿನ ಗಡ್ಡೆ ಬಿಸಿಲಿಗೆ ಹೇಗೆ ನಡೆದುಕೊಳ್ಳುತ್ತದೆ ಎಂಬುದು. ಮೊದಲ ಸಲ ಸೂರ್ಯನ ಬಳಿ ಬರುವ ಧೂಮಕೇತುವಿನ ಮೈಮೇಲೆ ಬೇಗ ಆವಿಯಾಗುವ ಹಿಮದ ಪದರ ಇರುತ್ತದೆ. ದೂರದಲ್ಲಿರುವಾಗಲೇ ಅದು ಹಾರಿ ಗಡ್ಡೆ ಹೊಳೆಯುತ್ತದೆ, ಈಗಲೇ ಇಷ್ಟಿದ್ದರೆ ಹತ್ತಿರ ಬಂದಾಗ ಎಷ್ಟಿರಬಹುದು ಎಂಬ ಆಸೆ ಹುಟ್ಟುತ್ತದೆ. ಆ ಪದರ ಮುಗಿದ ಮೇಲೆ ಏರಿಕೆ ನಿಲ್ಲುತ್ತದೆ. 1973ರ ಕೊಹೌಟೆಕ್ ನಿರಾಸೆ ಮಾಡಿದ್ದು ಹೀಗೆ. 2013ರಲ್ಲಿ "ಶತಮಾನದ ಧೂಮಕೇತು" ಎಂದು ಕರೆಸಿಕೊಂಡ ಐಸಾನ್ ನವೆಂಬರ್ 28ರಂದು ಸೂರ್ಯನ ಹತ್ತಿರವೇ ಕರಗಿಹೋಯಿತು. ತಪ್ಪು ಇನ್ನೊಂದು ದಿಕ್ಕಿಗೂ ಆಗುತ್ತದೆ. 2007ರ ಅಕ್ಟೋಬರ್‌ನಲ್ಲಿ ಹೋಮ್ಸ್ ಎಂಬ ಸಾಧಾರಣ ಧೂಮಕೇತು ಎರಡು ದಿನದೊಳಗೆ ಕೆಲವು ಲಕ್ಷ ಪಟ್ಟು ಬೆಳಗಿ ಬರಿಗಣ್ಣಿಗೆ ಕಂಡಿತು. 2024ರ ಜುಲೈನಲ್ಲಿ ತ್ಸುಚಿನ್‌ಶಾನ್-ಅಟ್ಲಾಸ್ ಒಡೆದುಹೋಗುವುದು ಖಚಿತ ಎಂದು ಝ್ಡೆನೆಕ್ ಸೆಕಾನಿನಾ ಅವರಂಥ ಹಿರಿಯ ತಜ್ಞರೇ ಬರೆದಿದ್ದರು. ಅದು ಉಳಿಯಿತು, ಮೆರೆಯಿತು.

ಇದರಿಂದಲೇ ಆಕಾಶ ನೋಡುವವರಲ್ಲಿ ಎರಡು ಗುಂಪು. ಸದ್ದು ಮಾಡದಿದ್ದರೆ ಯಾರೂ ತಲೆ ಎತ್ತುವುದಿಲ್ಲ ಎನ್ನುತ್ತದೆ ಒಂದು. ಪ್ರತಿ ಹುಸಿ ಸದ್ದಿಗೂ ಮುಂದಿನ ಸಲದ ಹತ್ತು ನೋಡುಗರು ಕಳೆದುಹೋಗುತ್ತಾರೆ ಎನ್ನುತ್ತದೆ ಇನ್ನೊಂದು. ಎರಡಕ್ಕೂ ಒಪ್ಪುವ ಹಾದಿಯಿದೆ: ಒಂದು ಅಂಕಿ ಕೊಡುವ ಬದಲು "3ರಿಂದ 8ರ ನಡುವೆ, ದುರ್ಬೀನು ಬೇಕಾಗಬಹುದು" ಎಂದು ಬರೆಯುವುದು. ಇದು ತಲೆಬರಹಕ್ಕೆ ಹೊಂದುವುದಿಲ್ಲ. ಅದೇ ಕಷ್ಟ.

3ಐ/ಅಟ್ಲಾಸ್ ಅನ್ಯಜೀವಿಗಳ ನೌಕೆಯಿರಬಹುದು ಎಂಬ ಹಾರ್ವರ್ಡ್‌ನ ಆವಿ ಲೋಬ್ ಅವರ ವಾದವೂ ಹೀಗೆ ಖಾಲಿ ಜಾಗದಲ್ಲಿಯೇ ಬೆಳೆಯಿತು. ಅಕ್ಟೋಬರ್ ಆರಂಭದಲ್ಲಿ ಮಂಗಳನ ಬಳಿಯಿಂದ ನಾಸಾ ತೆಗೆದ ಚಿತ್ರಗಳು ಅಮೆರಿಕ ಸರ್ಕಾರದ ಕಚೇರಿಗಳು ಬಂದ್ ಆಗಿದ್ದರಿಂದ ನವೆಂಬರ್ 19ರವರೆಗೆ ಹೊರಬರಲಿಲ್ಲ. ಮುಚ್ಚಿಡುತ್ತಿದ್ದಾರೆ ಎಂಬ ಗುಮಾನಿಗೆ ಅಷ್ಟು ಸಾಕಾಯಿತು. ಅದೇ ನವೆಂಬರ್‌ನಲ್ಲಿ ಮೌಂಟ್ ಅಬುವಿನ ನಮ್ಮ 1.2 ಮೀಟರ್ ದೂರದರ್ಶಕಕ್ಕೆ ಅದರಲ್ಲಿ ಕಂಡದ್ದು ಸಾಮಾನ್ಯ ಧೂಮಕೇತುಗಳಲ್ಲಿರುವ ಅನಿಲಗಳೇ.

ಇನ್ನು ಮುಂದೆ

ಗೊಂದಲ ಕಡಿಮೆಯಾಗುವ ಲಕ್ಷಣವಿಲ್ಲ. 1996ರ ಹ್ಯಾಕುತಾಕೆ ಧೂಮಕೇತುವನ್ನು ಜಪಾನಿನ ಹವ್ಯಾಸಿಯೊಬ್ಬರು ದೊಡ್ಡ ದುರ್ಬೀನಿನಲ್ಲಿ ಕಂಡದ್ದು ಜನವರಿ 30ರಂದು, ಅದು ಭೂಮಿಯ ಬಳಿ ಬಂದದ್ದು ಮಾರ್ಚ್ 25ರಂದು. ಎಂಟು ವಾರವೂ ಇರಲಿಲ್ಲ. ತ್ಸುಚಿನ್‌ಶಾನ್-ಅಟ್ಲಾಸ್ ಸಿಕ್ಕಿದ್ದು ಇಪ್ಪತ್ತು ತಿಂಗಳು ಮೊದಲು. ಚಿಲಿಯಲ್ಲಿ 2025ರಲ್ಲಿ ಕಣ್ಣು ತೆರೆದ ರೂಬಿನ್ ವೀಕ್ಷಣಾಲಯ ಇನ್ನೂ ದೂರದಲ್ಲಿರುವಾಗಲೇ ಅವನ್ನು ಹಿಡಿಯಲಿದೆ. ಬೇಗ ಸಿಕ್ಕರೆ ಬೇಗ ಅಂದಾಜು, ಬೇಗ ಮಾಡಿದ ಅಂದಾಜಿನಲ್ಲಿ ದೊಡ್ಡ ತಪ್ಪು, ಮತ್ತು ಆ ತಪ್ಪು ಓಡಾಡಲು ವರ್ಷಗಟ್ಟಲೆ ಕಾಲ.

ಹಾಗೆಂದು ಹವ್ಯಾಸಿಗಳ ಕಾಲ ಮುಗಿಯಿತು ಎಂದಲ್ಲ. ಸೌರಮಂಡಲದ ಆಚೆಯಿಂದ ಬಂದ ಎರಡನೆಯ ಅತಿಥಿ ಬೋರಿಸೊವ್ 2019ರಲ್ಲಿ ಸಿಕ್ಕಿದ್ದು ಒಬ್ಬ ಹವ್ಯಾಸಿ ಕೈಯಾರೆ ಕಟ್ಟಿದ 65 ಸೆಂಟಿಮೀಟರ್ ದೂರದರ್ಶಕಕ್ಕೆ. ಧೂಮಕೇತು ಇಂದು ಎಷ್ಟು ಬೆಳಗುತ್ತಿದೆ ಎಂಬ ದೈನಂದಿನ ಅಂಕಿಗಳು ಈಗಲೂ ಬಹುಪಾಲು ಹವ್ಯಾಸಿಗಳಿಂದಲೇ ಬರುತ್ತವೆ. ಎರಡು ತಿಂಗಳ ಹಳೆಯ ಮುನ್ಸೂಚನೆಗಿಂತ ನಿನ್ನೆ ರಾತ್ರಿಯ ಅಂತಹ ಒಂದು ಅಂಕಿ ಹೆಚ್ಚು ನಂಬಿಕೆಗೆ ಅರ್ಹ.

ಆರ್3 ನೋಡಬೇಕೆನ್ನುವವರಿಗೆ ಅವಕಾಶ ಇರುವುದು ಏಪ್ರಿಲ್ ಮಧ್ಯದ ಬೆಳಗಿನ ಜಾವ, ಪೂರ್ವ ದಿಗಂತದ ಹತ್ತಿರ, ಪೂರ್ವಾಭಾದ್ರ-ಉತ್ತರಾಭಾದ್ರಗಳ ಚೌಕದ ಸೀಮೆಯಲ್ಲಿ. 17ಕ್ಕೆ ಅಮಾವಾಸ್ಯೆ, ಆದ್ದರಿಂದ ಚಂದ್ರನ ಕಾಟವಿಲ್ಲ. ಸಂಜೆ ಅಡ್ಡಮಳೆ ಬಿದ್ದು ದೂಳು ತೊಳೆದ ಮರುದಿನ ಸಿಕ್ಕರೆ ಅದೃಷ್ಟ. ಐದು ಗಂಟೆಗೆ ಸಿಂದಗಿ ರಸ್ತೆಯಲ್ಲಿ ಊರು ದಾಟಿ ನಿಂತು ಐದೂವರೆಯೊಳಗೆ ನೋಡಿ ಮುಗಿಸಬೇಕು. ಆಮೇಲೆ ದುರ್ಬೀನನ್ನು ಪೂರ್ವಕ್ಕೆ ಎತ್ತಲೇಬಾರದು, ಸೂರ್ಯ ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ. 20ರ ನಂತರ ಅದು ಬೆಳಗಿನ ಬೆಳಕಿನಲ್ಲಿ ಮುಳುಗುತ್ತದೆ.

ಮಸುಕು ಉಂಡೆಯೊಂದು ಕಂಡರೂ ಅದೇ ಹೌದೋ ಅಲ್ಲವೋ ಎಂಬ ಅನುಮಾನ ಇದ್ದೇ ಇರುತ್ತದೆ. 1758ರಲ್ಲಿ ಧೂಮಕೇತು ಹುಡುಕುತ್ತಿದ್ದ ಫ್ರಾನ್ಸಿನ ಶಾರ್ಲ್ ಮೆಸ್ಸಿಯೆ ವೃಷಭ ರಾಶಿಯ ಒಂದು ಮಸುಕನ್ನು ಕಂಡು ಹೀಗೇ ಏಮಾರಿದ. ಅಂಥ ಮೋಸಗಾರ ಮಸುಕುಗಳದ್ದೇ ಆತ ಮಾಡಿಟ್ಟ ಪಟ್ಟಿಯನ್ನು ಇಂದಿಗೂ ಬಳಸುತ್ತಾರೆ. ಆತನ ಉಪಾಯವೇ ಇಲ್ಲಿಗೂ ಸಾಕು. ಒಂದು ನೋಟ್‌ಬುಕ್ಕಿನಲ್ಲಿ ಸುತ್ತಲ ನಾಲ್ಕೈದು ಚುಕ್ಕಿ ಇಟ್ಟು, ಮಸುಕಿನ ಜಾಗದಲ್ಲಿ ಪೆನ್ಸಿಲ್ಲಿನಿಂದ ಒಂದು ಸುತ್ತು ಹಾಕಿ. ಮರುದಿನ ಅದೇ ಹೊತ್ತಿಗೆ ಮತ್ತೆ ನೋಡಿ. ಸುತ್ತಿನೊಳಗೆ ಏನೂ ಇಲ್ಲದೆ ಪಕ್ಕದಲ್ಲಿ ಮಸುಕು ಇದ್ದರೆ, ಸಿಕ್ಕಿತು.